ಓಟ ಮುಗಿದ ಮೇಲೆ ಬರುವ ಕೆಮ್ಮು

ಜನವರಿ ತಿಂಗಳು, ಬೆಳಗಿನ ಏಳು ಗಂಟೆ. ಶಾಲೆಯ ವಾರ್ಷಿಕ ಕ್ರೀಡಾಕೂಟ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಳೆದ ಗೆರೆಗಳು ಇಬ್ಬನಿಗೆ ಇನ್ನೂ ಒದ್ದೆಯಾಗಿವೆ. 1500 ಮೀಟರ್ ಓಟದಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಎರಡನೆಯವನಾಗಿ ಗುರಿ ಮುಟ್ಟುತ್ತಾನೆ. ಗೆಳೆಯರು ಬೆನ್ನು ತಟ್ಟುತ್ತಾರೆ. ಏದುಸಿರೇನೋ ಇದೆ, ಅದು ಓಡಿದವರೆಲ್ಲರಿಗೂ ಇದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಉಳಿದವರ ಉಸಿರು ಹದಕ್ಕೆ ಬರುತ್ತದೆ. ಇವನಿಗೆ ಮಾತ್ರ ಆಗ ಕೆಮ್ಮು ಶುರುವಾಗುತ್ತದೆ. ಒಣ ಕೆಮ್ಮು, ಬಿಟ್ಟೂಬಿಡದ ಕೆಮ್ಮು. ಎದೆಗೆ ಪಟ್ಟಿ ಬಿಗಿದ ಹಾಗೆ. ಬಹುಮಾನಕ್ಕೆ ಹೆಸರು ಕೂಗುವ ಹೊತ್ತಿಗೆ ಆತ ಮರದ ಬುಡದಲ್ಲಿ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಕೂತಿರುತ್ತಾನೆ.

ಡ್ರಿಲ್ ಮಾಸ್ತರು 'ನೀರು ಕುಡಿ, ಸರಿಹೋಗುತ್ತೆ' ಎನ್ನುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಸರಿಯೂ ಹೋಗುತ್ತದೆ. ಮನೆಯಲ್ಲಿ ಅಜ್ಜಿ 'ಥಂಡಿ ಹತ್ತಿದೆ, ಈ ಚಳೀಲಿ ಓಡು ಅಂದೋರು ಯಾರು?' ಎಂದು ಗದರಿ, ಕಷಾಯಕ್ಕೆ ಮೆಣಸು ಜಜ್ಜಲು ಕೂರುತ್ತಾರೆ. ಮುಂದಿನ ವಾರವೂ ಹೀಗೇ ಆದಾಗ ಅಪ್ಪ ಒಂದು ಚೀಟಿ ಬರೆದುಕೊಡುತ್ತಾರೆ: 'ಮಗನಿಗೆ ಉಸಿರಾಟದ ತೊಂದರೆ ಇರುವುದರಿಂದ ಆಟೋಟಗಳಿಂದ ವಿನಾಯಿತಿ ಕೊಡಬೇಕಾಗಿ ವಿನಂತಿ.'

ಈ ಚೀಟಿಗೆ ಆಯುಸ್ಸು ಬಹಳ. ಒಮ್ಮೆ ಕೊಟ್ಟರೆ ಎಸ್ಸೆಸ್ಸೆಲ್ಸಿವರೆಗೂ ನಡೆಯುತ್ತದೆ. ಉಳಿದವರು ಕಬಡ್ಡಿ ಆಡುವಾಗ ಅವರ ಚಪ್ಪಲಿ, ಕೈಗಡಿಯಾರ ಕಾಯುತ್ತ ಕೂರುವ ಒಂದೋ ಎರಡೋ ಮಕ್ಕಳು ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲೂ ಇರುತ್ತಾರೆ. ಕೂತೇ ಇದ್ದುದರಿಂದ ದೇಹದ ಕಸುವು ಇಳಿಯುತ್ತದೆ. ಕಸುವು ಇಳಿದುದರಿಂದ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. 'ನೋಡಿ, ನಾವು ಹೇಳಲಿಲ್ಲವೇ' ಎಂಬ ಮಾತಿಗೆ ಪುರಾವೆಯೂ ಸಿಕ್ಕಿಬಿಡುತ್ತದೆ.

ಹುಡುಗನಿಗೆ ಆದದ್ದು ಥಂಡಿಯಲ್ಲ. ವ್ಯಾಯಾಮದಿಂದ ಕೆರಳುವ ಉಬ್ಬಸ ಅದು. ಉತ್ತರ ಕರ್ನಾಟಕದಲ್ಲಿ ಗೂರಲು, ದಮ್ಮು ಎನ್ನುವುದೂ ಇದನ್ನೇ. ಉಬ್ಬಸ ಎಂದೊಡನೆ ರಾತ್ರಿಯೆಲ್ಲ ಸುಂಯ್‌ಗುಟ್ಟುತ್ತ ಕೂರುವ ಮುದುಕರ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ಎಷ್ಟೋ ಮಕ್ಕಳಲ್ಲಿ ಆ ಸುಂಯ್ ಸದ್ದು ಕೇಳಿಸುವುದೇ ಇಲ್ಲ. ಕೆಮ್ಮೊಂದೇ ಅದರ ಗುರುತು. ಅದಕ್ಕೇ ಮನೆಯವರ ಕಣ್ಣಿಗೂ, ಎಷ್ಟೋ ಸಲ ವೈದ್ಯರ ಕಣ್ಣಿಗೂ ಅದು ತಪ್ಪಿಸಿಕೊಳ್ಳುತ್ತದೆ. ಸುಳಿವು ಇರುವುದು ಹೊತ್ತಿನಲ್ಲಿ. ಬರೀ ಏದುಸಿರಾದರೆ ಓಟ ನಿಂತ ಮೇಲೆ ನಿಮಿಷ ನಿಮಿಷಕ್ಕೂ ಇಳಿಯುತ್ತ ಹೋಗುತ್ತದೆ. ಉಬ್ಬಸದ ಕೆಮ್ಮು ಓಟ ನಿಂತ ಮೇಲೆ ಏರುತ್ತದೆ. ಸಾಮಾನ್ಯವಾಗಿ 5ರಿಂದ 15 ನಿಮಿಷದೊಳಗೆ ತುದಿ ಮುಟ್ಟಿ, ಅರ್ಧದಿಂದ ಒಂದು ಗಂಟೆಯೊಳಗೆ ತಾನೇ ಇಳಿಯುತ್ತದೆ. ಓಟದಿಂದ ಉಸಿರು ಕಟ್ಟುವ ಈ ಕಾಯಿಲೆ ಹೊಸದೂ ಅಲ್ಲ. ಸುಮಾರು 1900 ವರ್ಷಗಳ ಹಿಂದೆ ಬದುಕಿದ್ದ ಗ್ರೀಕ್ ವೈದ್ಯ ಅರಿಟೇಯಸ್ ಅದನ್ನು ಗುರುತಿಸಿ ಬರೆದಿಟ್ಟಿದ್ದಾನೆ.

ಹಾಗಾದರೆ ಚಳಿಯ ಪಾತ್ರವೇನು? ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಎಂಟನೇ ತರಗತಿಯವರು ಮಾಡಬಹುದಾದ ಲೆಕ್ಕವೇ.

ಗಾಳಿ ಎಷ್ಟು ಬಿಸಿಯೋ ಅಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ದೇಹದ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್, ಅಂದರೆ 1000 ಲೀಟರ್ ಗಾಳಿ, ಪೂರ್ತಿ ತೇವವಾದಾಗ ಅದರಲ್ಲಿ ಸುಮಾರು 44 ಗ್ರಾಂ ನೀರಾವಿ ಇರುತ್ತದೆ. ಶ್ವಾಸಕೋಶದ ಒಳಮೂಲೆ ತಲಪುವ ಗಾಳಿ ಈ ಸ್ಥಿತಿಯಲ್ಲಿರಲೇಬೇಕು. ಇನ್ನು ಹೊರಗಿನ ಗಾಳಿ. 12 ಡಿಗ್ರಿಯ ಮುಂಜಾನೆ, ಕಣ್ಣು ಕಾಣದಷ್ಟು ಮಂಜು ಕವಿದಿದೆ ಎನ್ನೋಣ. ಆರ್ದ್ರತೆ ನೂರಕ್ಕೆ ನೂರು. ಆದರೂ ಆ 1000 ಲೀಟರ್ ಗಾಳಿಯಲ್ಲಿರುವ ನೀರಾವಿ ಸುಮಾರು 11 ಗ್ರಾಂ ಮಾತ್ರ. ಉಳಿದ 33 ಗ್ರಾಂ ಎಲ್ಲಿಂದ ಬರಬೇಕು? ಮೂಗು, ಗಂಟಲು, ಶ್ವಾಸನಾಳಗಳ ಒಳಮೈಯಿಂದ.

ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿ ಒಳಹೋಗುತ್ತದೆ. ಹತ್ತು ನಿಮಿಷಕ್ಕೆ 60 ಲೀಟರ್; ದೇಹ ಸೇರಿಸಬೇಕಾದ ನೀರು 2 ಗ್ರಾಂ. ಅದೇ ಹುಡುಗ ನಿಮಿಷಕ್ಕೆ 60 ಲೀಟರಿನಂತೆ ಉಸಿರಾಡುತ್ತ ಓಡಿದರೆ ಹತ್ತು ನಿಮಿಷಕ್ಕೆ 600 ಲೀಟರ್. ನೀರು 20 ಗ್ರಾಂ. ನಾಲ್ಕು ಟೀ ಚಮಚದಷ್ಟು! ಉಸಿರು ಹೊರಹೋಗುವಾಗ ಇದರಲ್ಲಿ ಒಂದು ಪಾಲು ಮೂಗಿನಲ್ಲೇ ಮರಳಿ ಇಂಗುತ್ತದೆ ಎಂಬುದು ನಿಜ. ಆದರೆ ಓಡುವಾಗ ಮೂಗಿನಿಂದ ಉಸಿರಾಡುವವರು ಯಾರು? ನಿಮಿಷಕ್ಕೆ ಸುಮಾರು 35-40 ಲೀಟರ್ ದಾಟಿದೊಡನೆ ಬಾಯಿ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ. ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವ ಅಚ್ಚುಕಟ್ಟಾದ ಯಂತ್ರವೆಂದರೆ ಮೂಗು. ಅದನ್ನು ಬಳಸಿಹೋದ ಗಾಳಿ ನೇರವಾಗಿ ಎದೆಗೆ ನುಗ್ಗುತ್ತದೆ, ತೇವ ಕೊಡುವ ಕೆಲಸ ಶ್ವಾಸನಾಳಗಳ ಪಾಲಿಗೆ ಬೀಳುತ್ತದೆ.

ಶ್ವಾಸನಾಳಗಳ ಒಳಮೈಗೆ ಬಹಳ ತೆಳುವಾದ ನೀರಿನ ಪದರವಿದೆ. ಅದರಿಂದ ನೀರು ಆರುತ್ತ ಹೋದಂತೆ ಉಳಿದದ್ದು ಉಪ್ಪುಪ್ಪಾಗುತ್ತದೆ, ಬಾಣಲೆಯಲ್ಲಿ ಸಾರು ಬತ್ತಿದ ಹಾಗೆ. ಪಕ್ಕದ ಜೀವಕೋಶಗಳಿಂದ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಪಾಠಪುಸ್ತಕದಲ್ಲಿ ಅಭಿಸರಣ ಎಂದು ಓದಿದ್ದು ಇದನ್ನೇ. ಉಬ್ಬಸದ ಗುಣವಿರುವವರಲ್ಲಿ ಈ ಬದಲಾವಣೆಗೆ ಅಲ್ಲಿನ ಮಾಸ್ಟ್ ಕೋಶಗಳು ಕೆರಳುತ್ತವೆ. ಹಿಸ್ಟಮಿನ್, ಲ್ಯೂಕೋಟ್ರೀನ್ ಮುಂತಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ನಾಳದ ಸುತ್ತ ಇರುವ ಸ್ನಾಯು ಬಿಗಿಯುತ್ತದೆ, ಒಳಮೈ ಊದಿಕೊಳ್ಳುತ್ತದೆ, ಲೋಳೆ ಸೇರುತ್ತದೆ. ನಾಳ ಕಿರಿದಾಗುತ್ತದೆ.

ಎಷ್ಟು ಕಿರಿದಾದರೆ ಎಷ್ಟು ಕಷ್ಟ ಎಂಬುದಕ್ಕೂ ಲೆಕ್ಕವಿದೆ. ತೆಳು ಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು 19ನೇ ಶತಮಾನದಲ್ಲಿ ಅಳೆದು ನೋಡಿದವನು ಫ್ರಾನ್ಸಿನ ವೈದ್ಯ ಪ್ವಾಸೆಯ್. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ಅವನ ನಿಯಮ. ತ್ರಿಜ್ಯ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಐದರಲ್ಲಿ ಒಂದು ಪಾಲು ಕಿರಿದಾದರೂ ಸಾಕು, ಹರಿವು ಶೇಕಡಾ 41ಕ್ಕೆ ಇಳಿಯುತ್ತದೆ. ಶ್ವಾಸನಾಳ ನೇರ ಗಾಜಿನ ಕೊಳವೆಯಲ್ಲ, ಹಾಗಾಗಿ ಈ ಅಂಕಿಗಳು ಅಲ್ಲಿ ಅಚ್ಚೊತ್ತಿದಂತೆ ಹೊಂದುವುದಿಲ್ಲ. ಆದರೂ 'ಅಷ್ಟೇನೂ ಆಗಿಲ್ಲ, ನಾಟಕ ಆಡ್ತಾನೆ' ಎನ್ನುವ ಮುಂಚೆ ಈ ನಾಲ್ಕನೇ ಘಾತವನ್ನು ನೆನೆಯುವುದು ಒಳ್ಳೆಯದು.

ಒಟ್ಟಿನಲ್ಲಿ ಮೊದಲ ಅಪರಾಧಿ ಒಣಗಾಳಿ, ಚಳಿ ಅದರ ಜೊತೆಗಾರ. ಇದಕ್ಕೆ ಇನ್ನೊಂದು ಸಾಕ್ಷ್ಯವೂ ಇದೆ. ಮಳೆಗಾಲದ ಮಂಗಳೂರಿನಲ್ಲಿ 30 ಡಿಗ್ರಿ, ಶೇಕಡಾ 80ರ ಆರ್ದ್ರತೆಯಿದ್ದರೆ 1000 ಲೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಅಲ್ಲಿ ದೇಹ ಸೇರಿಸಬೇಕಾದ್ದು 20 ಗ್ರಾಂ ಮಾತ್ರ. ಅದೇ ಹುಡುಗ ಅಲ್ಲಿ ಅದೇ ಓಟವನ್ನು ಕೆಮ್ಮದೆ ಮುಗಿಸಬಹುದು. ಈಜುಕೊಳದ ನೀರಿನ ಮೇಲಿನ ಗಾಳಿಯೂ ತೇವದ್ದೇ. ಉಬ್ಬಸದ ಮಕ್ಕಳಿಗೆ ಈಜು ಒಗ್ಗುವುದು ಅದಕ್ಕೇ (ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುವ ಕೊಳವಾದರೆ ಮಾತು ಬೇರೆ). ಇನ್ನೊಂದು ತುದಿಯಲ್ಲಿ ಹಿಮದ ನಾಡುಗಳಿವೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿಯಲ್ಲಿ ನೀರಾವಿ 1 ಗ್ರಾಂ ಆಸುಪಾಸು. ಸ್ವೀಡನ್, ನಾರ್ವೆಗಳ ದೂರದ ಸ್ಕೀ ಓಟಗಾರರಲ್ಲಿ ಉಬ್ಬಸ ಇತರರಿಗಿಂತ ಬಹಳ ಹೆಚ್ಚೆಂದು 1990ರ ದಶಕದಿಂದಲೂ ಅಧ್ಯಯನಗಳು ತೋರಿಸಿವೆ. ಹುಟ್ಟಿನಿಂದ ಉಬ್ಬಸವಿಲ್ಲದವರಿಗೂ ವರ್ಷಗಟ್ಟಲೆ ಆ ಗಾಳಿ ಎಳೆದ ಮೇಲೆ ಅದು ಅಂಟಿಕೊಳ್ಳುತ್ತದೆ. ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೆ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ನಿಯಮದಂತೆ ಅಂಥ ಸ್ಪರ್ಧೆಗಳನ್ನು ನಡೆಸುವುದಿಲ್ಲ.

ನಮ್ಮಲ್ಲಿ ಆ ಮಟ್ಟದ ಚಳಿ ಇಲ್ಲ. ಬೆಂಗಳೂರಿನ ದಾಖಲೆಯೇ 1884ರ ಜನವರಿ 13ರ 7.8 ಡಿಗ್ರಿ. ಆದರೆ ನಮ್ಮ ಚಳಿಗಾಲಕ್ಕೆ ಬೇರೆ ಜೊತೆಗಾರರಿದ್ದಾರೆ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಮುಚ್ಚಳ ಹಾಕಿದಂತಾಗಿ ವಾಹನಗಳ ಹೊಗೆ, ಕಸ ಸುಟ್ಟ ಹೊಗೆ, ಬಚ್ಚಲೊಲೆಯ ಹೊಗೆ ಕೆಳಗೇ ತಂಗುತ್ತವೆ. ಮೈದಾನದ ಧೂಳು, ಸುಣ್ಣದ ಪುಡಿ ಬೇರೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದದ್ದು 1999ಕ್ಕೆ ಶೇಕಡಾ 29.5ಕ್ಕೆ ಏರಿತ್ತೆಂದು ಪ್ರಕಟಿಸಿದ್ದರು. ಅದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಆದರೂ ಏರಿದ ರೀತಿ ಗಮನಿಸುವಂಥದು.

'ಹಾಗಾದರೆ ಓಟವನ್ನು ಮಧ್ಯಾಹ್ನಕ್ಕೆ ಹಾಕಿದರಾಯಿತು' ಎಂದು ಕೆಲವರಿಗೆ ತೋಚಬಹುದು. ಅರ್ಧ ಉಪಾಯ. ಬಿಸಿಲೇರಿದರೆ ಹೊಗೆಯ ಮುಚ್ಚಳ ಸರಿಯುತ್ತದೆ, ಗಾಳಿ ಬೆಚ್ಚಗಾಗುತ್ತದೆ. ಆದರೆ ಕಲಬುರಗಿ, ವಿಜಯಪುರ ಸೀಮೆಯ ಜನವರಿಯ ಮಧ್ಯಾಹ್ನ 27 ಡಿಗ್ರಿ ಇದ್ದು ಆರ್ದ್ರತೆ ಶೇಕಡಾ 30ಕ್ಕೆ ಇಳಿದರೆ 1000 ಲೀಟರಿಗೆ ನೀರಾವಿ 8 ಗ್ರಾಂ ಕೂಡ ಇರುವುದಿಲ್ಲ. ಮುಂಜಾನೆಗಿಂತ ಅದು ಇನ್ನೂ ಒಣಗಾಳಿ!

ಅಂದಮೇಲೆ ಗಾಳಿ ಒಳಹೋಗುವ ದಾರಿಯಲ್ಲೇ ಏನಾದರೂ ಮಾಡಬೇಕು. ನಮ್ಮ ಮನೆಗಳಲ್ಲಿ ಚಳಿಗಾಲ ಬಂದೊಡನೆ ಮಕ್ಕಳ ತಲೆಗೆ ಮಂಗನ ಟೋಪಿ ಏರುತ್ತದೆ, ಕಿವಿಗೆ ಹತ್ತಿ ಬೀಳುತ್ತದೆ. ಕಿವಿ ಬೆಚ್ಚಗಿದ್ದರೆ ಹಿತವೇ. ಆದರೆ ಉಬ್ಬಸದ ಗಾಳಿ ಕಿವಿಯಿಂದ ಹೋಗುವುದಿಲ್ಲ. ಮಂಗನ ಟೋಪಿ ಎಲ್ಲವನ್ನೂ ಮುಚ್ಚಿ, ಮುಚ್ಚಬೇಕಾದ ಮೂಗು-ಬಾಯಿಯನ್ನೇ ತೆರೆದಿಟ್ಟಿರುತ್ತದೆ! ಅದೇ ಮಫ್ಲರನ್ನು ಸಡಿಲವಾಗಿ ಮೂಗು-ಬಾಯಿಗೆ ಸುತ್ತಿದರೆ ಹೊರಬಿಟ್ಟ ಉಸಿರಿನ ತೇವ, ಶಾಖ ಎರಡೂ ಬಟ್ಟೆಯಲ್ಲಿ ನಿಲ್ಲುತ್ತವೆ. ಮುಂದಿನ ಉಸಿರು ಅವನ್ನು ಎತ್ತಿಕೊಂಡು ಒಳಹೋಗುತ್ತದೆ. 2020ರ ಕೊರೊನಾ ಕಾಲದಿಂದ ಬಟ್ಟೆಯ ಮಾಸ್ಕ್ ಪ್ರತಿ ಮನೆಯ ಮೊಳೆಗೂ ನೇತುಬಿದ್ದಿದೆ, ಅದೂ ಆದೀತು. ಪಂದ್ಯದಲ್ಲಿ ಕಟ್ಟಿಕೊಂಡು ಓಡುವುದು ಕಷ್ಟ. ಅಭ್ಯಾಸದ ಓಟಕ್ಕೆ, ಮೈದಾನಕ್ಕೆ ಸೈಕಲ್ ತುಳಿಯುವಾಗ, ಓಟ ಮುಗಿದೊಡನೆ ಕಟ್ಟಿಕೊಳ್ಳಬಹುದು. ನಿಧಾನದ ಓಟದಲ್ಲಿ ಆದಷ್ಟು ಮೂಗಿನಿಂದ ಉಸಿರಾಡುವ ರೂಢಿಯೂ ಒಳ್ಳೆಯದು. ಅಜ್ಜಿಯ ಕಷಾಯ ಗಂಟಲಿಗೆ ಹಿತ, ಬೇಡವೆನ್ನಲು ಕಾರಣವಿಲ್ಲ. ಬಿಗಿದ ಶ್ವಾಸನಾಳವನ್ನು ಬಿಡಿಸುವ ಕೆಲಸ ಅದರದಲ್ಲ, ಅಷ್ಟೆ.

ಎರಡನೆಯದು, ಮೈ ಕಾಯಿಸಿಕೊಳ್ಳುವುದು. ಇಲ್ಲೊಂದು ವಿಚಿತ್ರವಿದೆ. ಉಬ್ಬಸದ ಗುಣವಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಮ್ಮೆ ವ್ಯಾಯಾಮ ಮಾಡಿದ ಮೇಲೆ ಒಂದರಿಂದ ಮೂರು ಗಂಟೆಗಳವರೆಗೆ ಮತ್ತೆ ಓಡಿದರೂ ನಾಳಗಳು ಅಷ್ಟಾಗಿ ಬಿಗಿಯುವುದಿಲ್ಲ. ಇದನ್ನೇ ಉಪಾಯವಾಗಿ ಬಳಸಬಹುದು. ಓಟಕ್ಕೆ ಅರ್ಧ ಗಂಟೆ ಮೊದಲು ಹತ್ತು-ಹದಿನೈದು ನಿಮಿಷ ನಿಧಾನದ ಓಟ, ನಡುನಡುವೆ ಅರ್ಧ ನಿಮಿಷದ ಕೆಲವು ಜೋರು ಓಟಗಳು, ಪ್ರತಿಯೊಂದರ ನಡುವೆ ಬಿಡುವು. ಚಳಿಯಲ್ಲಿ ನಡುಗುತ್ತ ಸಾಲಾಗಿ ನಿಂತು, ಸೀಟಿ ಊದಿದೊಡನೆ ಒಮ್ಮೆಲೇ ಓಡುವುದು ಅತ್ಯಂತ ಕೆಟ್ಟ ಕ್ರಮ. ಮುಖ್ಯ ಅತಿಥಿಗಳು ಬರುವುದು ತಡವಾದಾಗ ನಮ್ಮ ಕ್ರೀಡಾಕೂಟಗಳಲ್ಲಿ ನಡೆಯುವುದೂ ಅದೇ. ಓಟ ಮುಗಿದ ಮೇಲೂ ಧೊಪ್ಪನೆ ಕೂರದೆ ಐದು ನಿಮಿಷ ನಡೆಯಬೇಕು. ಆಟದ ಆಯ್ಕೆಯೂ ಸ್ವಲ್ಪ ನೆರವಾಗುತ್ತದೆ. ಐದರಿಂದ ಎಂಟು ನಿಮಿಷ ಎಡೆಬಿಡದೆ ಓಡುವುದು ಹೆಚ್ಚು ಕೆರಳಿಸುತ್ತದೆ. ನೂರು ಮೀಟರ್ ಓಟ, ಉದ್ದಜಿಗಿತ, ಗುಂಡೆಸೆತ, ವಾಲಿಬಾಲ್, ಕಬಡ್ಡಿಗಳಲ್ಲಿ ನಡುನಡುವೆ ಉಸಿರಿಗೆ ಬಿಡುವುಂಟು.

ಮೂರನೆಯದು ಔಷಧ. ಮನೆಮನೆಯಲ್ಲೂ ಜಗಳ ಇರುವುದು ಇಲ್ಲೇ. 'ಪಂಪ್ ಒಮ್ಮೆ ಶುರುಮಾಡಿದರೆ ಬಿಡುವ ಹಾಗಿಲ್ಲವಂತೆ', 'ಅದು ಕೊನೇ ಹಂತದವರಿಗಂತೆ', 'ಹೆಣ್ಣುಮಗು, ನಾಳೆ ಮದುವೆಗೆ ತೊಡಕಾದೀತು'. ಹೀಗೆಂದು ಇನ್ಹೇಲರ್ ಬೇಡವೆಂದವರು ಗುಳಿಗೆ, ಸಿರಪ್ ಮಾತ್ರ ಸಲೀಸಾಗಿ ಕೊಡುತ್ತಾರೆ. ಮತ್ತೆ ಲೆಕ್ಕಕ್ಕೇ ಬರೋಣ. ಸಾಲ್ಬುಟಮಾಲ್ ಇನ್ಹೇಲರಿನ ಒಂದು ಒತ್ತಿನಲ್ಲಿ ಬರುವುದು 100 ಮೈಕ್ರೋಗ್ರಾಂ. ಎರಡು ಒತ್ತಿಗೆ 200. ಅದೇ ಔಷಧದ ಚಿಕ್ಕ ಗುಳಿಗೆ 2 ಮಿಲಿಗ್ರಾಂ, ಅಂದರೆ 2000 ಮೈಕ್ರೋಗ್ರಾಂ. ಹತ್ತು ಪಟ್ಟು! ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಬಡಿತ ಏರಿಸಿ, ತಡವಾಗಿ ಶ್ವಾಸನಾಳ ಮುಟ್ಟುತ್ತದೆ. ಇನ್ಹೇಲರ್ ಬೇಕಾದಲ್ಲಿಗೇ ನೇರ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಓಟಕ್ಕೆ ಹತ್ತು-ಹದಿನೈದು ನಿಮಿಷ ಮೊದಲು ವೈದ್ಯರು ಹೇಳಿದಷ್ಟು ತೆಗೆದುಕೊಂಡರೆ ಎರಡು-ಮೂರು ಗಂಟೆ ಕಾಯುತ್ತದೆ. ಸ್ಪೇಸರ್ ಎಂಬ ಡಬ್ಬಿ ಜೋಡಿಸಿದರೆ ಔಷಧ ಗಂಟಲಲ್ಲಿ ಅಂಟದೆ ಎದೆ ಸೇರುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸುವುದೂ ತಪ್ಪು. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಒಳಗಿನ ಉರಿಯೂತವನ್ನು ಇಳಿಸುವುದಿಲ್ಲ. ದಿನವೂ ಅದೊಂದನ್ನೇ ನೆಚ್ಚಿದರೆ ಅದರ ಪ್ರಭಾವವೂ ಕುಗ್ಗುತ್ತದೆ. ಹನ್ನೆರಡು ವರ್ಷ ದಾಟಿದವರ ಉಬ್ಬಸಕ್ಕೆ ಬರೀ ಸಾಲ್ಬುಟಮಾಲ್ ಸಾಲದು, ಸೇದುವ ಸ್ಟೀರಾಯ್ಡ್ ಜೊತೆಗಿರಬೇಕೆಂದು ಉಬ್ಬಸ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಬೆಚ್ಚಬೇಕಾಗಿಲ್ಲ. ಮಾಂಸಖಂಡ ಬೆಳೆಸಲು ಕಳ್ಳತನದಿಂದ ಬಳಸುವ ಜಾತಿಯದಲ್ಲ ಇದು, ಪ್ರಮಾಣವೂ ಮೈಕ್ರೋಗ್ರಾಂಗಳಲ್ಲೇ. ದೋಷವೇ ಇಲ್ಲವೆಂದಲ್ಲ. ಚಿಕ್ಕಂದಿನಿಂದ ವರ್ಷಗಟ್ಟಲೆ ಬುಡೆಸೊನೈಡ್ ಸೇದಿದ ಮಕ್ಕಳು ದೊಡ್ಡವರಾದಾಗ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರ್ ಕಡಿಮೆಯಿದ್ದರೆಂದು ಅಮೆರಿಕದ ಅಧ್ಯಯನವೊಂದು 2012ರಲ್ಲಿ ತಿಳಿಸಿತು. ಹತೋಟಿ ತಪ್ಪಿದ ಉಬ್ಬಸದಿಂದಲೂ ಬೆಳವಣಿಗೆ ಕುಂಠಿತವಾಗುತ್ತದೆ. ರಾತ್ರಿ ನಿದ್ದೆ, ಶಾಲೆಯ ಹಾಜರಿ ಎರಡೂ ಹೋಗುತ್ತವೆ. ತಕ್ಕಡಿ ಎತ್ತ ತೂಗುತ್ತದೆಂದು ವೈದ್ಯರೊಡನೆ ಕೂತು ನೋಡಬೇಕು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದನ್ನು ಮಾತ್ರ ಮರೆಯಬಾರದು.

ಔಷಧದ ವಿಷಯದಲ್ಲಿ ಕ್ರೀಡಾಪಟುಗಳು ಮರೆಯಲಾಗದ ಕತೆ ರಿಕ್ ಡಿಮಾಂಟನದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈ ಈಜುಗಾರ 400 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯನ್ನು ಸೆಕೆಂಡಿನ ನೂರರಲ್ಲೊಂದು ಭಾಗದ ಅಂತರದಿಂದ ಗೆದ್ದ. ವಯಸ್ಸು 16. ಬಾಲ್ಯದಿಂದ ಉಬ್ಬಸ. ಅವನ ಗುಳಿಗೆಯಲ್ಲಿ ನಿಷೇಧಿತ ಎಫೆಡ್ರಿನ್ ಇತ್ತು. ಔಷಧದ ಹೆಸರನ್ನು ಅವನು ಅರ್ಜಿಯಲ್ಲಿ ಬರೆದುಕೊಟ್ಟಿದ್ದ, ದೊಡ್ಡವರು ಗಮನಿಸಲಿಲ್ಲ. ಪದಕ ಕಸಿದುಕೊಂಡರು, 1500 ಮೀಟರಿಗೂ ಇಳಿಯಗೊಡಲಿಲ್ಲ. ಮರುವರ್ಷ ಬೆಲ್‌ಗ್ರೇಡಿನ ವಿಶ್ವ ಸ್ಪರ್ಧೆಯಲ್ಲಿ ಅದೇ 400 ಮೀಟರನ್ನು ನಾಲ್ಕು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಈಜಿದ ಮೊದಲಿಗನಾದ. ಅವನು ಔಷಧದ ವಿವರ ಮುಂಚೆಯೇ ಕೊಟ್ಟಿದ್ದನೆಂದು ಅಮೆರಿಕದ ಒಲಿಂಪಿಕ್ ಸಮಿತಿ ಒಪ್ಪಿಕೊಂಡದ್ದು 2001ರಲ್ಲಿ. ಈಗ ಸಾಲ್ಬುಟಮಾಲ್ ಇನ್ಹೇಲರನ್ನು ನಿಗದಿತ ಮಿತಿಯೊಳಗೆ ಬಳಸಲು ಕ್ರೀಡಾ ನಿಯಮಗಳಲ್ಲಿ ಅನುಮತಿಯಿದೆ. ಅದರ ಗುಳಿಗೆ, ಸಿರಪ್‌ಗಳಿಗಿಲ್ಲ. ರಾಜ್ಯಮಟ್ಟದ ಕೂಟಗಳಿಗೆ ಹೋಗುವವರು ಇದನ್ನು ಬರೆದಿಟ್ಟುಕೊಳ್ಳಬೇಕು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮೊದಲು ಅಮೆರಿಕ ತನ್ನ 597 ಆಟಗಾರರನ್ನೂ ಪರಿಶೀಲಿಸಿತು. 67 ಮಂದಿಗೆ ವ್ಯಾಯಾಮದಿಂದ ಕೆರಳುವ ಉಬ್ಬಸವಿತ್ತು. ಎಷ್ಟೋ ಜನರಿಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ 67 ಮಂದಿ ಗೆದ್ದು ತಂದ ಪದಕಗಳು 41. 1988ರಲ್ಲಿ ಹೆಪ್ಟಾಥ್ಲಾನ್‌ನಲ್ಲಿ 7291 ಅಂಕ ಗಳಿಸಿದ ಜಾಕಿ ಜಾಯ್ನರ್-ಕರ್ಸಿ, 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದ ಪೌಲಾ ರಾಡ್‌ಕ್ಲಿಫ್ ಇಬ್ಬರಿಗೂ ಉಬ್ಬಸವೇ. ಅವರು ವಿನಾಯಿತಿ ಚೀಟಿ ತರಲಿಲ್ಲ, ಇನ್ಹೇಲರ್ ತಂದರು.

ಮೈದಾನದಲ್ಲಿ ಉಬ್ಬಸ ಜೋರಾದರೆ ಮಗುವನ್ನು ಮಲಗಿಸಬಾರದು. ನೆಟ್ಟಗೆ ಕೂರಿಸಿ, ಸುತ್ತ ನೆರೆದವರನ್ನು ಚದುರಿಸಿ, ವೈದ್ಯರು ಬರೆದುಕೊಟ್ಟಂತೆ ಇನ್ಹೇಲರ್ ಕೊಡಬೇಕು. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಉಸಿರೆಳೆದಾಗ ಪಕ್ಕೆಗಳ ನಡುವೆ ಗುಳಿ ಬಿದ್ದರೆ, ಇನ್ಹೇಲರಿಗೆ ಬಗ್ಗದಿದ್ದರೆ 108ಕ್ಕೆ ಕರೆ ಮಾಡಲು ತಡ ಮಾಡಬಾರದು. ಕೆಮ್ಮೆಲ್ಲ ಉಬ್ಬಸವೂ ಅಲ್ಲ. ಎರಡು ವಾರ ದಾಟಿದ ಕೆಮ್ಮಿಗೆ, ಅದರಲ್ಲೂ ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ, ಕ್ಷಯದ ಪರೀಕ್ಷೆ ಮೊದಲು. ಉಸಿರು ಬಿಡುವಾಗಲ್ಲದೆ ಎಳೆಯುವಾಗ ಗಂಟಲಲ್ಲಿ ಕರ್ಕಶ ಸದ್ದು ಬಂದರೆ ತೊಂದರೆ ಧ್ವನಿಪೆಟ್ಟಿಗೆಯದಿರಬಹುದು, ಇನ್ಹೇಲರ್ ಅದಕ್ಕೆ ನಾಟುವುದಿಲ್ಲ. ಹೆಣ್ಣುಮಕ್ಕಳ ಏದುಸಿರಿನ ಹಿಂದೆ ಎಷ್ಟೋ ಸಲ ರಕ್ತಹೀನತೆ ಇರುತ್ತದೆ.

ಅನುಮಾನವಿದ್ದವರಿಗೆ ಒಂದು ಸುಲಭ ಸಾಧನವುಂಟು. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಔಷಧದಂಗಡಿಗಳಲ್ಲಿ ಸಿಗುತ್ತದೆ. ಜೋರಾಗಿ ಊದಿದಾಗ ಉಸಿರಿನ ವೇಗವನ್ನು ಅದರ ಮುಳ್ಳು ತೋರಿಸುತ್ತದೆ. ಉಬ್ಬಸ ಜೋರಾಗಿ ಆಸ್ಪತ್ರೆ ಕಂಡ ಮಕ್ಕಳಿಗೆ ಈ ಪರೀಕ್ಷೆ ವೈದ್ಯರೆದುರೇ ಆಗಬೇಕು. ಉಳಿದವರು ವೈದ್ಯರನ್ನು ಕೇಳಿಕೊಂಡು, ದೊಡ್ಡವರನ್ನು ಜೊತೆಗಿಟ್ಟುಕೊಂಡು ಮಾಡಬಹುದು. ಓಡುವ ಮೊದಲು ಮೂರು ಸಲ ಊದಿ ಹೆಚ್ಚಿನ ಅಂಕಿಯನ್ನು ಬರೆದಿಡಬೇಕು. ಆರೇಳು ನಿಮಿಷ ಓಡಬೇಕು. ಆಮೇಲೆ 5, 10, 15, 30ನೇ ನಿಮಿಷಗಳಲ್ಲಿ ಊದಬೇಕು. ಮೊದಲು 320 ಇದ್ದದ್ದು ಹತ್ತನೇ ನಿಮಿಷಕ್ಕೆ 250ಕ್ಕೆ ಇಳಿಯಿತೆನ್ನಿ. ಶೇಕಡಾ 22ರಷ್ಟು ಕುಸಿತ. ಶೇಕಡಾ 15 ದಾಟಿದರೇ ಅನುಮಾನ ಗಟ್ಟಿಯಾಗುತ್ತದೆ. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಸೇರಿಸಿದರೆ ಓಟ ಮುಗಿದ ಮೇಲೆ ಇಳಿದು, ಮತ್ತೆ ಮೇಲೇರುವ ಹಳ್ಳದ ಚಿತ್ರ ಮೂಡುತ್ತದೆ.

ಆ ಹಾಳೆ ನೋಡಿದ ವೈದ್ಯರು ಪರೀಕ್ಷಿಸಿ ಔಷಧ ಬರೆದುಕೊಟ್ಟ ಮೇಲೆ ಅಪ್ಪ ಶಾಲೆಗೆ ಬೇರೊಂದು ಚೀಟಿ ಬರೆಯಬಹುದು: 'ನನ್ನ ಮಗನಿಗೆ ವ್ಯಾಯಾಮದಿಂದ ಬರುವ ಉಬ್ಬಸವಿದೆ. ಓಟಕ್ಕೆ ಹದಿನೈದು ನಿಮಿಷ ಮೊದಲು ಅವನು ಇನ್ಹೇಲರ್ ತೆಗೆದುಕೊಳ್ಳಬೇಕು. ಅದು ಅವನ ಚೀಲದ ಮುಂದಿನ ಜೇಬಿನಲ್ಲಿದೆ, ಇನ್ನೊಂದನ್ನು ತಮ್ಮ ಬಳಿ ಇಟ್ಟುಕೊಳ್ಳಲು ಕಳಿಸಿದ್ದೇನೆ. ಮೈ ಕಾಯಿಸಿಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟು, ಎಲ್ಲರ ಜೊತೆ ಓಡಿಸಿರಿ.'